ತೊಟ್ಟೇ ತೀರಿಸಿದೆ: ಬೀರು ಹಗುರವಾದ ನನ್ನ ಅನುಭವ

ನನ್ನ ಬೀರುವಿನ ಬಾಗಿಲು ಈಗ ಒಂದೇ ಕೈಯಲ್ಲಿ ಮುಚ್ಚುತ್ತದೆ. ಮೊದಲು ಮೊಣಕಾಲು ಕೊಟ್ಟು ಒತ್ತಬೇಕಿತ್ತು. ಬೇಡದ ಬಟ್ಟೆ ಹೊರಹಾಕಿ ಇಲ್ಲಿಗೆ ಬರಲು ಹಿಡಿದದ್ದು ಸುಮಾರು ಐದು ತಿಂಗಳು. ಅದಕ್ಕೂ ಮುಂಚಿನ ಸೋಲುಗಳಿಗೆ ನಾಲ್ಕು ವರ್ಷ. "ಒಂದು ಭಾನುವಾರದ ಕೆಲಸಕ್ಕೆ ಐದು ತಿಂಗಳೇನೋ?" ಎಂದು ಅಕ್ಕ ನಕ್ಕಿದ್ದಳು. "ನೀವು ಬಟ್ಟೆ ಕೊಡುವವರಲ್ಲ, ಅದರ ಜಾಗ ಬದಲಿಸುವವರು" ಎಂದಿದ್ದಳು ಹೆಂಡತಿ. ಆಗ ಇಬ್ಬರ ಮಾತೂ ನಿಜವೇ ಆಗಿತ್ತು. ಈಗ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಡುವುದು, ಕೊಡುವುದು, ಎಸೆಯುವುದು ಎಂಬ ಮೂರು ಗುಡ್ಡೆಗಳ ವಿಧಾನ ನಿಮಗೆಲ್ಲ ಗೊತ್ತಿರುವುದೇ. ನಾನು ಅದನ್ನು ಮೂರು ಸಲ ಮಾಡಿದ್ದೇನೆ. ಪ್ರತಿ ಸಲವೂ 'ನೋಡೋಣ' ಎಂಬ ನಾಲ್ಕನೆಯ ಗುಡ್ಡೆಯೊಂದು ತಾನಾಗಿಯೇ ಎದ್ದಿತು. ರಾತ್ರಿ ಮಲಗಲು ಮಂಚ ಬೇಕಾದಾಗ ಆ ಗುಡ್ಡೆ ಒಂದೇ ತೆಕ್ಕೆಯಲ್ಲಿ ವಾಪಸು ಬೀರುವಿಗೆ ಹೋಯಿತು. ಮೊದಲ ಸಲ ಮನೆಯಿಂದ ಹೊರಬಿದ್ದದ್ದು ಹನ್ನೊಂದೋ ಹನ್ನೆರಡೋ ಬಟ್ಟೆ, ಅದರಲ್ಲಿ ನಾಲ್ಕು ಬನಿಯನ್ನುಗಳು.

ಹ್ಯಾಂಗರ್‌ಗಳನ್ನು ಹಿಂದುಮುಂದಾಗಿ ತೂಗುಹಾಕಿ, ತೊಟ್ಟ ಬಟ್ಟೆಯದನ್ನು ಮಾತ್ರ ನೇರ ಮಾಡಿ, ಕೊನೆಗೆ ತಿರುಗದೆ ಉಳಿದವನ್ನು ಕೊಟ್ಟುಬಿಡುವ ಉಪಾಯವನ್ನೂ ಒಂದು ವರ್ಷ ನಡೆಸಿದೆ. ಅದು ಪ್ರಾಮಾಣಿಕರಿಗೆ ಸರಿ. ನಾನು ಕಸ ಹಾಕಿ ಬರುವ ಐದು ನಿಮಿಷಕ್ಕೆ ಒಳ್ಳೆಯ ಅಂಗಿ ತೊಟ್ಟು ಹ್ಯಾಂಗರ್ ತಿರುಗಿಸಿಬಿಡುತ್ತಿದ್ದೆ. ವರ್ಷದ ಕೊನೆಗೆ ನೋಡಿದರೆ ಎಲ್ಲವೂ 'ಬಳಕೆಯಲ್ಲಿರುವ' ಬಟ್ಟೆಗಳೇ.

ದುಡ್ಡು ಕಳೆದದ್ದು ಆಮೇಲೆ. ಗಾಳಿ ಹೀರಿ ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲ ಎಂಟು ತಂದೆ, ಜೊತೆಗೆ ಮಂಚದ ಕೆಳಗೆ ಇಡುವ ಡಬ್ಬಗಳು. ಆ ಹಣಕ್ಕೆ ಅಳತೆಗೆ ಸರಿಯಾದ ಮೂರು ಒಳ್ಳೆಯ ಅಂಗಿ ಬರುತ್ತಿದ್ದವು. ಎರಡು ವರ್ಷ ಬಿಟ್ಟು ತೆಗೆದರೆ, ಚರ್ಮದಂತೆ ಕಾಣುವ ಜಾಕೆಟ್ಟಿನ ಹೊರಮೈ ಕಪ್ಪು ಹುರುಪೆಯಾಗಿ ಉದುರುತ್ತಿತ್ತು. ಅದರ ಮೇಲಿನ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪನ ತೊಡದೆ ಇಟ್ಟರೂ ತೇವಕ್ಕೆ ಶಿಥಿಲವಾಗುತ್ತದೆ ಎಂಬುದನ್ನು ನಾನು ಕಲಿತದ್ದು ನೆಲ ಗುಡಿಸುತ್ತಾ. ಇಲಾಸ್ಟಿಕ್ ಇದ್ದ ಪ್ಯಾಂಟುಗಳ ಸೊಂಟ ಎಳೆದರೆ ಎಳೆದಂತೆಯೇ ಉಳಿಯಿತು. ಒಂದು ದಿನ ಬೇಕಾಗುತ್ತದೆಂದು ಕಾದಿಟ್ಟದ್ದು ಚೀಲದೊಳಗೇ ಮುದಿಯಾಗಿತ್ತು.

ಮುಂದಿನ ಹಣ ದರ್ಜಿಗೆ. ನನ್ನ ಸೊಂಟ ಎರಡೂವರೆ ಇಂಚಿನಷ್ಟು ಬೆಳೆದಿತ್ತು. ಒಂಬತ್ತು ಪ್ಯಾಂಟು ಹೊತ್ತುಕೊಂಡು ಹೋದೆ. ಐದರಲ್ಲಿ ಹೊಲಿಗೆಯೊಳಗೆ ಬಿಡಿಸಲು ಬಟ್ಟೆಯೇ ಇರಲಿಲ್ಲ. ಬಿಡಿಸಿದ ನಾಲ್ಕರಲ್ಲಿ ಒಂದು ಬೂದು ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿದೆ: ಹಳೆಯ ಸೂಜಿ ತೂತುಗಳ ಸಾಲು, ಅದರ ಪಕ್ಕದಲ್ಲಿ ಇಷ್ಟು ವರ್ಷ ಬಿಸಿಲು ಕಾಣದೆ ಅಡಗಿದ್ದ ಕಡುಬೂದು ಪಟ್ಟಿ. ಹಿಂದಿನಿಂದ ಬರುವವರಿಗೆಲ್ಲ ನಾನು ಎಷ್ಟು ದಪ್ಪಗಾಗಿದ್ದೇನೆಂದು ಅಳತೆ ಸಮೇತ ತಿಳಿಯುತ್ತಿತ್ತು. ಕೊಟ್ಟ ಕೂಲಿ ಹೆಚ್ಚುಕಡಿಮೆ ಎರಡು ಹೊಸ ಪ್ಯಾಂಟಿನ ಬೆಲೆ. ಇಂದಿಗೂ ತೊಡುತ್ತಿರುವುದು ಒಂದನ್ನು.

ಮಾರಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ತಿಂಗಳ ಸಂಬಳದ ಮೂರನೇ ಒಂದು ಪಾಲು ಕೊಟ್ಟು ಹೊಲಿಸಿ, ಎರಡೇ ಸಲ ತೊಟ್ಟ ಸೂಟಿಗೆ ಬಂದದ್ದು ಕೊಟ್ಟದ್ದರ ಹತ್ತನೇ ಒಂದು ಭಾಗ. ಅದಕ್ಕೂ ಫೋಟೊ ತೆಗೆದು, ಚೌಕಾಶಿ ಮಾಡಿ ಮೂರು ವಾರ ಸವೆಸಿದ್ದೆ.

ಗೆದ್ದ ವಿಧಾನ ಹುಟ್ಟಿದ್ದು ಒಂದು ಗಡಿಬಿಡಿಯ ಬೆಳಿಗ್ಗೆ. ಸಾಲಿನ ತುದಿಯಲ್ಲಿ ಕೈಗೆ ಸಿಕ್ಕ ತಿಳಿಹಸಿರು ಲಿನನ್ ಅಂಗಿ ತೊಟ್ಟು ಹೊರಟೆ. ಮೂರು ಸಲದ ವಿಂಗಡಣೆಯಲ್ಲೂ 'ಇಡುವುದು' ಎಂದು ಪಾಸಾಗಿದ್ದ ಅಂಗಿ ಅದು. ಹನ್ನೊಂದರ ಹೊತ್ತಿಗೆ ಕಂಕುಳಲ್ಲಿ ಹಿಡಿಯತೊಡಗಿತು. ಊಟಕ್ಕೆ ಕುಳಿತಾಗ ಮೂರನೆಯ ಮತ್ತು ನಾಲ್ಕನೆಯ ಗುಂಡಿಯ ನಡುವೆ ಬಟ್ಟೆ ಬಾಯಿಬಿಟ್ಟು ಒಳಗಿನ ಬನಿಯನ್ನು ಇಣುಕುತ್ತಿತ್ತು. ಸಂಜೆಯವರೆಗೆ ಕಡತವೊಂದನ್ನು ಹೊಟ್ಟೆಗೆ ಒತ್ತಿಕೊಂಡೇ ಓಡಾಡಿದೆ. ಮನೆಗೆ ಬಂದು ಅಂಗಿ ಬಿಚ್ಚಿದಾಗ ಆದ ಹಾಯೆನಿಸುವ ಸುಖದಲ್ಲಿ ಎಲ್ಲ ಗೊತ್ತಾಯಿತು. ಕನ್ನಡಿಯ ಮುಂದೆ ಉಸಿರು ಹಿಡಿದು ನಿಂತಾಗ ಅದು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ನಾನು ಕೂರುತ್ತೇನೆ, ಬಾಗುತ್ತೇನೆ, ಉಣ್ಣುತ್ತೇನೆ.

ಮರುದಿನದಿಂದ ಸರದಿ ಶುರುಮಾಡಿದೆ. ತುದಿಯ ಬಟ್ಟೆಯನ್ನೇ ತೊಡಬೇಕು, ದಾಟಿ ಮುಂದೆ ಹೋಗುವಂತಿಲ್ಲ. ತೊಟ್ಟು ಹೊರಗೆ ಹೋಗಬೇಕು, ಸಂಜೆಯವರೆಗೆ ಬಿಚ್ಚುವಂತಿಲ್ಲ. ಬಾಗಿಲು ದಾಟಲು ನಾಚಿಕೆಯಾದರೆ ಅಲ್ಲಿಗೇ ಅದರ ಕಥೆ ಮುಗಿಯಿತು. ಗೆದ್ದದ್ದು ಒಗೆದ ಮೇಲೆ ಇನ್ನೊಂದು ತುದಿಗೆ, ಸೋತದ್ದು ಒಗೆದ ಮೇಲೆ ಚೀಲಕ್ಕೆ. ಚೀಲ ತುಂಬಿದ ದಿನವೇ ಅದು ಮನೆಯಿಂದ ಹೊರಗೆ. ಸ್ವೆಟರ್‌ಗಳಿಗೆ ಮಾತ್ರ ಚಳಿ ಬರುವವರೆಗೆ ವಿನಾಯಿತಿ. ಒಟ್ಟು 170ರ ಆಸುಪಾಸು ಬಟ್ಟೆಗಳಿದ್ದವು. ಅಂಗಿ, ಪ್ಯಾಂಟು ಎರಡೂ ಒಟ್ಟಿಗೆ ಪರೀಕ್ಷೆಗೆ ಕೂರುತ್ತಿದ್ದರಿಂದಲೂ ಬಾಗಿಲಲ್ಲೇ ಸೋತವು ನಲವತ್ತರಷ್ಟು ಇದ್ದದ್ದರಿಂದಲೂ ಐದು ತಿಂಗಳಲ್ಲಿ ಮುಗಿಯಿತು.

ಮೊದಲ ಮೂರು ವಾರ ಕಷ್ಟ. ಹತ್ತು ವರ್ಷದ ಹಿಂದಿನ ದೊಡ್ಡ ಹೂವಿನ ಅಂಗಿಯ ಸರದಿ ಬಂದ ದಿನವೇ ಮೇಲಧಿಕಾರಿಗಳ ಸಭೆ. ನಿಯಮ ಮುರಿಯಲಿಲ್ಲ. ಸಭೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

ನಡುವೆ ಬಣ್ಣದ ಗೀಳು ಹತ್ತಿತು. ಕೋಣೆಯ ಹಳದಿ ದೀಪದ ಕೆಳಗೆ ಕಂದು, ಸಾಸಿವೆ ಬಣ್ಣಗಳೆಲ್ಲ ಒಪ್ಪುತ್ತವೆ. ಹಗಲಿನಲ್ಲಿ ಅದೇ ಬಟ್ಟೆ ಕಾಮಾಲೆಯವನ ಮುಖ ಕೊಡುತ್ತದೆ. ಕಿಟಕಿಯ ಪಕ್ಕ ನಿಂತು, ಕತ್ತಿನ ಕೆಳಗೆ ಒಂದೊಂದೇ ಅಂಗಿ ಹಿಡಿದು ಇಪ್ಪತ್ತೈದು ಫೋಟೊ ತೆಗೆದೆ. ಎಲ್ಲ ದಂಡ. ಮೊಬೈಲ್ ಪ್ರತಿ ಫೋಟೊದಲ್ಲೂ ಬಣ್ಣವನ್ನು ತನಗೆ ಬೇಕಾದಂತೆ ಹೊಂದಿಸಿಕೊಳ್ಳುತ್ತದೆ. ಅದನ್ನು ಸರಿಪಡಿಸಲು ಒಂದು ಬಿಳಿ ಕಾಗದ ಸಾಕಾಯಿತು: ಅಂಗಿಯ ಪಕ್ಕ ಅದನ್ನು ಹಿಡಿದು, ಅದು ಬಿಳಿಯಾಗಿಯೇ ಕಾಣುವಂತೆ ಫೋಟೊದ ಬಣ್ಣ ಹೊಂದಿಸಿದೆ. ಈ ಎರಡನೆಯ ಸುತ್ತಿನ ಫೋಟೊಗಳಲ್ಲಿ, ಕಪ್ಪು ಅಂಗಿ ಹಿಡಿದಾಗ ಕಣ್ಣ ಕೆಳಗಿನ ನೆರಳು ಎದ್ದು ಕಂಡಿತು, ಕಡುನೀಲಿ ಹಿಡಿದಾಗ ಕಾಣಲಿಲ್ಲ. ಇದ್ದ ಏಳು ಕಪ್ಪು ಅಂಗಿಗಳಲ್ಲಿ ಉಳಿದದ್ದು ಒಂದು, ಅದೂ ಇಸ್ತ್ರಿ ಬೇಡದ ಬಟ್ಟೆ ಎಂಬ ದಾಕ್ಷಿಣ್ಯಕ್ಕೆ.

ಇನ್ನೊಂದು ಪ್ರಯೋಗ ಪೂರ್ತಿ ಸೋತಿತು. ಹರಿದವನ್ನು ಕತ್ತರಿಸಿ ಒರೆಸುವ ಬಟ್ಟೆ ಮಾಡಿದೆ. ಹತ್ತಿಯದು ಸರಿ, ಪಾಲಿಯೆಸ್ಟರ್ ಚೆಲ್ಲಿದ ನೀರನ್ನು ಹೀರದೆ ಮೇಜಿನ ತುದಿಗೆ ತಳ್ಳಿಕೊಂಡು ಹೋಗುತ್ತದೆ. ಮನೆಗೆ ಬೇಕಾದದ್ದು ನಾಲ್ಕೈದು ತುಂಡು, ನಾನು ಕತ್ತರಿಸಿದ್ದು ಅರವತ್ತು. ಹೆಂಡತಿಯ ಮಾತು ನೆನಪಾಗಿ ಅವನ್ನೂ ಚೀಲಕ್ಕೆ ಹಾಕಿದೆ.

ಈಗ ಬೀರುವಿನಲ್ಲಿರುವುದು 50ರ ಒಳಗೆ. ಕಂಬಿಯ ಮೇಲೆ ಒಂದು ಮೊಳ ಜಾಗ ಖಾಲಿ. ಅಪ್ಪನ ಕೋಟು ಮಾತ್ರ ಸರದಿಗೆ ಬರಲಿಲ್ಲ. ಅದರ ತೋಳು ನನಗೆ ಎರಡು ಇಂಚು ಗಿಡ್ಡ. ಅದು ಅಲ್ಲೇ ಇದೆ, ಇರುತ್ತದೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಅದೂ ಇದೂ ಮಾತಾಡಿ, ಕೊನೆಗೆ "ನಿನ್ನ ಆ ಸರದಿ ಎಡದಿಂದಲೋ ಬಲದಿಂದಲೋ?" ಎಂದು ಕೇಳಿದಳು. ಬಲದಿಂದ ಎಂದೆ. "ಯಾಕೆ?" ಎಂದಳು. ಐದು ತಿಂಗಳು ಹಿಡಿಯುತ್ತದೆ, ಶುರುಮಾಡು, ಗೊತ್ತಾಗುತ್ತದೆ ಎಂದು ಫೋನ್ ಇಟ್ಟೆ.