ಬಾಣೆಯಲ್ಲಿ ಕುದುರೆ ಜಿಗಿತದ ಮೊದಲ ಪಾಠ

ಬ್ರಿಟನ್ನಿನ ಜಿಗಿತದ ಓಟಗಳಲ್ಲಿ ಹೊಸ ಜಾಕಿಗೆ (ಓಟದ ಸವಾರನಿಗೆ) 20 ಗೆಲುವಿನವರೆಗೆ ಕುದುರೆ ಹೊರಬೇಕಾದ ತೂಕದಲ್ಲಿ 7 ಪೌಂಡ್ ರಿಯಾಯಿತಿ, 40ರವರೆಗೆ 5, 75ರವರೆಗೆ 3. ಆಮೇಲೆ ಅದೂ ಇಲ್ಲ. ಹೆಸರು ಮಾಡದ ಜಾಕಿಗೆ ಆಗ ಸವಾರಿ ಸಿಗಬೇಕಾದರೆ ಜೀನಿನ ಮೇಲೆ ಗಟ್ಟಿಯಾಗಿ ನಿಲ್ಲುವವನೆಂಬ ನಂಬಿಕೆ ಬೇಕು. ಆ ನಿಲುವನ್ನು ಕೊಡಗಿನ ಬಾಣೆಯಲ್ಲೇ, ಅಂದರೆ ಗದ್ದೆಗೆ ಸೇರಿದ ಹುಲ್ಲುನೆಲದಲ್ಲೇ, ಕಲಿಯಬಹುದು. ಬ್ರಿಟನ್ನಿನ ಓಟದ ಹರ್ಡಲ್ (ಜಿಗಿದು ದಾಟುವ ತಡೆ) ಸುಮಾರು 1.07 ಮೀಟರ್, ನಮ್ಮ ಆರಂಭ 45 ಸೆಂ.ಮೀ.

ಜಾಗ ಮೊದಲು. ಕೊಯ್ಲಾದ ಗದ್ದೆ ಸಮತಟ್ಟಾಗಿ ಕಂಡರೂ ಒಣಗಿದಾಗ ಬಿರುಕು ಬಿಡುತ್ತದೆ, ಗೊರಸು ಸಿಕ್ಕಿಕೊಳ್ಳುತ್ತದೆ. ತುಸು ಏರಾಗಿರುವ ಬಾಣೆಯ ಹುಲ್ಲೇ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಗಿತ ಬೇಡ, ನೆಲ ಜಾರುತ್ತದೆ.

ಕಂಬಕ್ಕೆ ತೋಟದ ಸಿಲ್ವರ್ ಓಕ್ ಸಾಕು: 3 ಮೀಟರ್ ಉದ್ದ, 10 ಸೆಂ.ಮೀ. ದಪ್ಪ. ತೊಗಟೆ ಸುಲಿದು, ಗಂಟುಗಳನ್ನು ಸವರಿ, ಬಿಳಿ ಬಣ್ಣ ಬಳಿಯಿರಿ. ಕಿತ್ತಳೆ ಬೇಡ. ಹಸಿರು ಹುಲ್ಲಿನ ಮೇಲೆ ಅದು ಕುದುರೆಯ ಕಣ್ಣಿಗೆ ಎದ್ದು ಕಾಣುವುದಿಲ್ಲ. ಬ್ರಿಟನ್ನಿನಲ್ಲೂ ತಡೆಗಳ ಕಿತ್ತಳೆಯನ್ನು ಬಿಳಿಗೆ ಬದಲಾಯಿಸಿದ್ದಾರೆ. ಕಂಬಕ್ಕೆ ಮೊಳೆ ಹೊಡೆಯಲೇಬೇಡಿ. ಕಾಲು ತಗುಲಿದ ಕೂಡಲೇ ಅದು ಉರುಳಿ ಬೀಳಬೇಕು.

ನೆಲದ ಮೇಲೆ ನಾಲ್ಕು ಕಂಬ, ನಡುವೆ 1.3 ಮೀಟರ್ ಅಂತರ. ಚಿಕ್ಕ ಕುದುರೆಗೆ 1.1. ಟ್ರಾಟ್‌ನಲ್ಲಿ (ಕುಲುಕು ಓಟದಲ್ಲಿ) ಎಡವದೆ ದಾಟಿದ ಮೇಲೆ, ಕೊನೆಯ ಕಂಬದಿಂದ 2.4 ಮೀಟರ್ ಆಚೆ ಎರಡು ಕಂಬಗಳನ್ನು ಗುಣಿಸು ಚಿಹ್ನೆಯಂತೆ ಅಡ್ಡ ಇಡಿ. ಕುದುರೆ ಬರುವ ಬದಿಯಲ್ಲಿ 15 ಸೆಂ.ಮೀ. ಮುಂದೆ ಇನ್ನೊಂದು ಕಂಬ ನೆಲದ ಮೇಲಿರಲಿ. ಅದನ್ನು ಹಿಂದಿನ ಬದಿಗೆ ಇಟ್ಟರೆ ಕುದುರೆ ಅಂದಾಜು ತಪ್ಪಿ ತೀರಾ ಹತ್ತಿರ ಬಂದು ಏಳುತ್ತದೆ, ಮುಂಗಾಲು ತಗಲುತ್ತದೆ.

ಈಗ ಸವಾರ. ಹೆಲ್ಮೆಟ್, ಎದೆಗವಚವಿಲ್ಲದೆ ಹತ್ತಬೇಡಿ, ಕೆಳಗೊಬ್ಬರು ನಿಂತಿರಲಿ. ರಿಕಾಪಿನ (ಸವಾರ ಕಾಲಿಡುವ ಬಳೆಯ) ಪಟ್ಟಿಯನ್ನು ಮಾಮೂಲಿಗಿಂತ ಎರಡು ಮೂರು ರಂಧ್ರ ಗಿಡ್ಡ ಮಾಡಿ. ಕುದುರೆಯ ಕೊರಳಿಗೆ ಒಂದು ಚರ್ಮದ ಪಟ್ಟಿ ಕಟ್ಟಿ, ಏಳುವಾಗ ಅದನ್ನೇ ಹಿಡಿಯಿರಿ. ಹೊಸಬರು ಕೆಡುವುದು ಇಲ್ಲೇ: ಲಗಾಮಿಗೆ ಜೋತುಬಿದ್ದರೆ ಬಾಯಿಗೆ ಪೆಟ್ಟು, ಎರಡು ಸಲ ಪೆಟ್ಟು ತಿಂದ ಕುದುರೆ ಮೂರನೆಯ ಸಲ ಕಂಬದ ಮುಂದೆ ನಿಂತೇ ಬಿಡುತ್ತದೆ.

ನೋಟ ಕಂಬದ ಆಚೆ ಇರಲಿ. ಇಳಿಯುವಾಗ ಹಿಮ್ಮಡಿ ಕೆಳಗೆ, ಮೊಣಕಾಲಿನ ಕೆಳಭಾಗ ತುಸು ಮುಂದೆ. ಕುದುರೆ ಮುಗ್ಗರಿಸಿದರೆ ಬೆನ್ನು ಹಿಂದಕ್ಕೆ ಹಾಕಿ, ಲಗಾಮು ಬೆರಳುಗಳ ನಡುವೆ ಜಾರಿಹೋಗಲು ಬಿಡಿ. ಕತ್ತು ಚಾಚಲು ಜಾಗ ಸಿಕ್ಕರೆ ಅದು ತಾನೇ ಸಾವರಿಸಿಕೊಂಡು ಏಳುತ್ತದೆ. ಈ ಬೆರಳಿನ ಸಡಿಲಿಕೆ ಅಭ್ಯಾಸವಾಗುವವರೆಗೆ ಕಂಬ ಏರಿಸಬೇಡಿ.

ದಿನಕ್ಕೆ ಎಂಟು ಹತ್ತು ಜಿಗಿತ ಸಾಕು. ಮುಗಿದೊಡನೆ ಕುದುರೆಯ ನಾಲ್ಕೂ ಕಾಲುಗಳ ಸ್ನಾಯುರಜ್ಜು ಸವರಿ ನೋಡಿ. ಒಂದು ಕಾಲು ಮಾತ್ರ ಬಿಸಿಯಾಗಿದ್ದರೆ ಮರುದಿನ ಸವಾರಿ ಬಿಟ್ಟು ಪಶುವೈದ್ಯರನ್ನು ಕರೆಸಿ.