ನಂಜುಂಡ, ಶ್ರೀಕಂಠ: ಮಗನ ಹೆಸರನ್ನು ನಾವು ನಿರ್ಧರಿಸಿದ ಬಗೆ

ನನ್ನ ಮಾವನವರ ಹೆಸರು ನಂಜುಂಡಯ್ಯ. ನಮ್ಮ ಮದುವೆಯಾದ ಮರುವರ್ಷ ಅವರು ತೀರಿಕೊಂಡರು. ಅದಾಗಿ ಎರಡು ವರ್ಷಕ್ಕೆ ಮಗ ಹುಟ್ಟಿದ. ಮನೆದೇವರು ನಂಜನಗೂಡಿನ ನಂಜುಂಡೇಶ್ವರನಾದ್ದರಿಂದ ನನ್ನ ಪತಿ ಮಗುವಿಗೆ ‘ನಂಜುಂಡ’ ಎಂದೇ ಹೆಸರಿಡಬೇಕೆಂದರು. ನಾನು ‘ಶ್ರೀಕಂಠ’ ಎಂದೆ. ಆ ದೇವರನ್ನು ಶ್ರೀಕಂಠೇಶ್ವರನೆಂದೂ ಕರೆಯುವುದರಿಂದ ಯಾವುದನ್ನಿಟ್ಟರೂ ಅದು ಮನೆದೇವರ ಹೆಸರೇ. ಆದರೂ ಜನನ ಪ್ರಮಾಣಪತ್ರದಲ್ಲಿ ಯಾವುದನ್ನು ಬರೆಸಬೇಕೆಂದು ತೀರ್ಮಾನಿಸಲು ನಮಗೆ ಹತ್ತು ತಿಂಗಳು ಬೇಕಾಯಿತು.

ಹನ್ನೆರಡನೆಯ ದಿನದ ನಾಮಕರಣದಲ್ಲಿ ಈ ಪ್ರಶ್ನೆ ಏಳಲಿಲ್ಲ. ಹರಿವಾಣದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ನಕ್ಷತ್ರನಾಮವನ್ನೂ ಈ ಎರಡು ಹೆಸರುಗಳನ್ನೂ ಬರೆದು, ಮೂರನ್ನೂ ಮಗುವಿನ ಕಿವಿಯಲ್ಲಿ ಹೇಳಿದೆವು. ಶಾಸ್ತ್ರದಲ್ಲಿ ಎಷ್ಟು ಹೆಸರಿಗೂ ಜಾಗವಿದೆ, ಪ್ರಮಾಣಪತ್ರದಲ್ಲಿ ಮಾತ್ರ ಒಂದನ್ನೇ ಬರೆಸಬೇಕು. ಆಸ್ಪತ್ರೆಯವರು ಜನನವನ್ನು 21 ದಿನಗಳೊಳಗೆ ನೋಂದಾಯಿಸಿದ್ದರು. ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದೆಂದು ತಿಳಿದಾಗ ನನಗೆ ಸಮಾಧಾನವಾಯಿತು. ಅವಸರದಲ್ಲಿ ಬರೆಸಿ ಆಮೇಲೆ ಬದಲಿಸಲು ಅಲೆಯುವುದಕ್ಕಿಂತ ಈ ಅವಕಾಶವನ್ನು ಬಳಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಮೊದಲ ಆಕ್ಷೇಪವಿದ್ದದ್ದು ‘ನಂಜು’ ಎಂಬ ಮಾತಿಗೆ. ಎಳೆಯ ಮಗುವನ್ನು ದಿನಕ್ಕೆ ನೂರು ಸಲ ವಿಷದ ಹೆಸರು ಹಿಡಿದು ಕರೆಯಲು ಮನಸ್ಸು ಒಪ್ಪುತ್ತಿರಲಿಲ್ಲ. ಇದನ್ನು ಅತ್ತೆಯವರಿಗೆ ಹೇಳಿದಾಗ ಅವರು, “ನಂಜು ಉಂಡವನಮ್ಮ ಅವನು, ನಂಜು ಕೊಟ್ಟವನಲ್ಲ” ಎಂದರು. ಹಾಲಾಹಲವನ್ನು ಕುಡಿದು ಲೋಕವನ್ನು ಉಳಿಸಿದ ಕಥೆ ನನಗೆ ತಿಳಿಯದ್ದೇನಲ್ಲ. ಆದರೆ ಕಪಿಲೆಯ ದಡದ ಆ ದೇವಾಲಯಕ್ಕೆ ಕಾಯಿಲೆಯವರು ಹರಕೆ ಹೊತ್ತು ಬರುವುದೂ, ಟಿಪ್ಪು ಸುಲ್ತಾನ ಆ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯೂ ಈ ಹೆಸರಿನ ಅರ್ಥಕ್ಕೇ ಸೇರಿದವು ಎಂಬುದು ಆಗ ಮನಸ್ಸಿಗೆ ಹತ್ತಿತು. ‘ಶ್ರೀಕಂಠ’ ಎನ್ನುವುದು ಕೊರಳಿನ ಶೋಭೆಯನ್ನು ಹೇಳುತ್ತದೆ, ‘ನಂಜುಂಡ’ ಎನ್ನುವುದು ಮಾಡಿದ ಕೆಲಸವನ್ನೇ ಹೇಳುತ್ತದೆ.

ಎರಡನೆಯ ತೊಡಕು ಇದಕ್ಕಿಂತ ಕಠಿಣವಾಗಿತ್ತು. ಅತ್ತೆಯವರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಬ್ಯಾಂಕಿನ ಅರ್ಜಿಯಲ್ಲಿ ಬರೆಯುತ್ತಾರೆ, ಯಾರಾದರೂ ಕೇಳಿದರೆ ಮಗನ ಕಡೆ ನೋಡುತ್ತಾರೆ. ದೇವರನ್ನೂ ‘ನಂಜನಗೂಡಪ್ಪ’ ಎಂದೇ ಕರೆಯುತ್ತಾರೆ. ಮೊಮ್ಮಗನಿಗೆ ಆ ಹೆಸರಿಟ್ಟರೆ ಅಜ್ಜಿಯೇ ಅವನನ್ನು ಹೆಸರು ಹಿಡಿದು ಕರೆಯಲಾರರು. ನನಗೂ ಅಷ್ಟೇ: ಮಾವನವರ ಹೆಸರಿಗೆ ‘ಬಾರೋ’, ‘ಹೋಗೋ’ ಸೇರಿಸಿ ಗದರುವುದು ಹೇಗೆ? ಅಜ್ಜನ ಹೆಸರು ಹೊತ್ತ ಎಷ್ಟೋ ಹುಡುಗರನ್ನು ಮನೆಯಲ್ಲಿ ಪುಟ್ಟ, ಮರಿ, ಅಪ್ಪಿ ಎಂದು ಕರೆಯುವುದರ ಹಿಂದೆ ಈ ಸಂಕೋಚವೂ ಇರುತ್ತದೆ. ಹೀಗೆ ಯೋಚಿಸಿದಾಗಲೆಲ್ಲ ಶ್ರೀಕಂಠವೇ ಮೇಲೆಂದು ತೋರುತ್ತಿತ್ತು.

ಆದರೆ ಕಾಗದದ ಮೇಲೆ ಬರೆದು ನೋಡಿದಾಗ ಶ್ರೀಕಂಠದ ಕಷ್ಟಗಳು ಹೊರಬಿದ್ದವು. ಇಂಗ್ಲಿಷಿನಲ್ಲಿ ‘ಶ್ರೀ’ಯನ್ನು ಮೂರು ನಾಲ್ಕು ರೀತಿಯಲ್ಲಿ ಬರೆಯುತ್ತಾರೆ, ಕೊನೆಯಲ್ಲಿ ಬರಿಯ ಟಿ ಸಾಕೋ, ಟಿ ಜೊತೆಗೆ ಎಚ್ ಬೇಕೋ ಎಂಬುದೂ ನಿಶ್ಚಯವಿಲ್ಲ. ಕೆಲವರು ‘ಶ್ರೀ’ಯನ್ನು ಗೌರವಸೂಚಕವೆಂದು ಬಗೆದು ಬೇರ್ಪಡಿಸಿಯೂ ಬಿಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಇಂಗ್ಲಿಷ್ ಅಕ್ಷರಗಳಿಂದ ಮತ್ತೆ ಕನ್ನಡಕ್ಕೆ ಬರುವಾಗ ಶ್ರೀಕಂಠ ‘ಶ್ರೀಕಾಂತ’ನಾಗಿಬಿಡುತ್ತಾನೆ. ಶ್ರೀಕಂಠನೆಂದರೆ ಶಿವ, ಶ್ರೀಕಾಂತನೆಂದರೆ ಲಕ್ಷ್ಮಿಯ ಪತಿಯಾದ ವಿಷ್ಣು. ಒಂದು ದೀರ್ಘದಲ್ಲಿ, ಒಂದು ಮಹಾಪ್ರಾಣದಲ್ಲಿ ದೇವರೇ ಬದಲಾಗುತ್ತಾನೆ! ನನ್ನ ತವರಿನ ಸಂಬಂಧಿಕರೊಬ್ಬರ ಅಂಕಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಹೆಸರು ಇದ್ದು ಅವರು ಪಟ್ಟ ಪಾಡನ್ನು ನಾನೇ ಕಂಡಿದ್ದೆ. ನಂಜುಂಡನಿಗೆ ಈ ಅಪಾಯ ಬಹಳ ಕಡಿಮೆ. ಕೇಳಿದಂತೆ ಬರೆಯಬಹುದು, ಬರೆದಂತೆ ಓದಬಹುದು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲಾತಿಯಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರವಾಗಿರುವಾಗ ಇದನ್ನು ಸಣ್ಣ ವಿಷಯವೆಂದು ನಾನು ಭಾವಿಸಲಿಲ್ಲ.

ಹೆಸರು ಹಳೆಯದಾಯಿತು, ಶಾಲೆಯಲ್ಲಿ ಹುಡುಗರು ನಗುತ್ತಾರೆ ಎಂದು ನನ್ನ ತಂಗಿ ಹೇಳಿದಳು. ಆ ಅಳುಕು ನನಗೂ ಇತ್ತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದವರು, ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾದವರು ಎಚ್.ವಿ. ನಂಜುಂಡಯ್ಯನವರು ಎಂದು ಪತಿ ನೆನಪಿಸಿದರು. ನಾನು ಬಿ.ಎಂ. ಶ್ರೀಕಂಠಯ್ಯನವರ ಹೆಸರು ಹೇಳಿದೆ. ಹೀಗೆ ಮಾತನಾಡುತ್ತಿರುವಾಗಲೇ ತೀ.ನಂ.ಶ್ರೀ. ಎಂದರೆ ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ ಎಂಬುದು ನೆನಪಾಯಿತು. ನಾವು ತಿಂಗಳುಗಟ್ಟಲೆ ಎದುರುಬದುರು ನಿಲ್ಲಿಸಿದ್ದ ಎರಡು ಹೆಸರುಗಳು ಅಲ್ಲಿ ತಂದೆ ಮಗನಾಗಿ ಒಟ್ಟಿಗೇ ಇದ್ದವು. ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕಾಗಿಲ್ಲವೆಂದು ನನಗೆ ಅನ್ನಿಸಿದ್ದು ಅಂದೇ.

ಮರುದಿನ ಅತ್ತೆಯವರನ್ನು ನೇರವಾಗಿ ಕೇಳಿದೆ. “ಬರೆಯುವುದಕ್ಕೆ ಅವರ ಹೆಸರಿರಲಿ, ಕರೆಯುವುದಕ್ಕೆ ನಿನ್ನದು ಇರಲಿ” ಎಂದರು. ಆ ವೇಳೆಗಾಗಲೇ ಅವರು ಮಗುವನ್ನು ‘ಕಂಠಿ’ ಎಂದು ಕರೆಯಲು ಆರಂಭಿಸಿದ್ದರು.

ಹನ್ನೊಂದನೆಯ ತಿಂಗಳಲ್ಲಿ ನೋಂದಣಿ ಕಚೇರಿಗೆ ಹೋಗುವಾಗ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ದೊಡ್ಡಕ್ಷರದಲ್ಲಿ ಬರೆದ ಚೀಟಿಯೊಂದನ್ನು ಒಯ್ದಿದ್ದೆವು. ಸಿಬ್ಬಂದಿ ಅಂತಿಮಗೊಳಿಸುವ ಮೊದಲು ಪರದೆಯ ಮೇಲೆ ತೋರಿಸಿದರು. ಕನ್ನಡದಲ್ಲಿ ‘ನಂಜುಡ’ ಎಂದಾಗಿತ್ತು. ಬಿಟ್ಟುಹೋಗಿದ್ದ ಸೊನ್ನೆಯನ್ನು ಅಲ್ಲಿಯೇ ಸೇರಿಸಿಸಿ, ಪತಿ ಒಮ್ಮೆ, ನಾನು ಇನ್ನೊಮ್ಮೆ ಅಕ್ಷರ ಅಕ್ಷರವಾಗಿ ಓದಿ ನೋಡಿದ ಮೇಲೆ ಸಹಿ ಮಾಡಿದೆವು.