ಟಿಪ್ಪು ಪೈಸೆಯ ಇಸವಿ: ಕೊನೆಗೂ ಪಂಚಾಂಗವೇ ಕೈ ಹಿಡಿಯಿತು

ಟಿಪ್ಪು ನಾಣ್ಯದ ಇಸವಿ ಓದಲು ನಾನು ಪಂಚಾಂಗ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ ಅಂದಾಗ ನಮ್ಮ ಗುಂಪಿನ ಹಿರಿಯರೊಬ್ಬರು, "ಅದಕ್ಕೂ ಇದಕ್ಕೂ ಏನಪ್ಪಾ ಸಂಬಂಧ?" ಅಂದಿದ್ದರು. ಈಗ ಅವರೇ ಸವೆದ ಪೈಸೆ ತಂದು ನನ್ನ ಮುಂದೆ ಇಡುತ್ತಾರೆ.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. ಸುಮಾರು ಹತ್ತು ವರ್ಷದ ಹಿಂದೆ 1217ರ (ಟಿಪ್ಪು ಜಾರಿಗೆ ತಂದ ಮೌಲೂದಿ ಎಂಬ ವರ್ಷಗಣನೆಯ ಪ್ರಕಾರ) ಆನೆ ಪೈಸೆ ಅಂತ ಒಂದಕ್ಕೆ ಎರಡೂವರೆ ಸಾವಿರ ಕೊಟ್ಟೆ. ಆನೆ ಪೂರ್ತಿ ಸವೆದಿತ್ತು. ಎಡದಿಂದ ಓದಿದರೆ 1, 2, 1, 7 ಸರಿಯಾಗೇ ಇತ್ತು. ಒಂದು ತಿಂಗಳಾದ ಮೇಲೆ ಲೆನ್ಸ್ ಅಡಿಯಲ್ಲಿ ಆನೆಯ ಕಾಲು ಕಂಡಿತು, ಮೇಲ್ಗಡೆ! ನಾಣ್ಯ ತಿರುಗಿಸಿದೆ. ಪರ್ಶಿಯನ್ 7 ತಲೆಕೆಳಗಾದರೆ 8 ತಾನೇ? ಈಗ ಎಡದಿಂದ 8121. ಮೌಲೂದಿ ವರ್ಷಗಳನ್ನು ಟಿಪ್ಪು ಬಲದಿಂದ ಎಡಕ್ಕೆ ಬರೆಸಿದ್ದ. ಅಂದರೆ ಅದು 1218. ಆ ವರ್ಷದ್ದು ನನ್ನ ಹತ್ತಿರ ಆಗಲೇ ಮೂರಿದ್ದವು.

ರೂಪಾಯಿ ಇನ್ನೂ ಜಾಸ್ತಿ ಕಾಡಿತು. ಪಟ್ಟಕ್ಕೆ ಬಂದ ವರ್ಷ ಅದರಲ್ಲಿ 'ಸಖ್' ಅಂತಿದೆ. ಅಬ್ಜದ್ ಅಂದರೆ ಅರಬ್ಬೀ ಅಕ್ಷರಕ್ಕೊಂದು ಅಂಕಿ ಬೆಲೆ ಕೊಡುವ ಹಳೇ ಲೆಕ್ಕ; ಹೆಸರಿನ ಅಕ್ಷರಗಳನ್ನು ಕೂಡಿಸಿದರೆ ವರ್ಷದ ಸಂಖ್ಯೆ. ಅದರಲ್ಲಿ ಸೀನ್ 60, ಖೆ 600, ಒಟ್ಟು 660. ಟಿಪ್ಪುವಿನ ವರ್ಷದ ಹೆಸರುಗಳದ್ದು ಅರವತ್ತು ವರ್ಷದ ಚಕ್ರ, ಅದರಲ್ಲಿ 660 ಎಲ್ಲಿಂದ ಬರಬೇಕು? ಒಂದು ಇಡೀ ಮಳೆಗಾಲ ಅದರಲ್ಲೇ ಹೋಯಿತು. ಟಿಪ್ಪು ಆಮೇಲೆ ಅಬ್ಜದ್ ಬಿಟ್ಟು ಅಬ್ತಸ್ ಹಿಡಿದ, ಅಂದರೆ ಅಕ್ಷರಮಾಲೆಯ ಮಾಮೂಲಿ ಸಾಲಿನಲ್ಲೇ ಬೆಲೆ. ಅದರಲ್ಲಿ ಸೀನ್ 30, ಖೆ 7. ಒಟ್ಟು 37. ಹಳೇ ಲೆಕ್ಕದಲ್ಲಿ ಇದೇ ವರ್ಷದ ಹೆಸರು 'ಜಕಿ': 7, 20, 10. ಅದೂ 37! ಪಂಚಾಂಗ ತೆಗೆದೆ. 37ನೇ ಸಂವತ್ಸರ ಶೋಭಕೃತ್, 1783. ನಮ್ಮ ಅರವತ್ತು ಸಂವತ್ಸರಗಳಿಗೇ ಆತ ಬೇರೆ ಹೆಸರು ಕೊಟ್ಟಿದ್ದ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ಸುಲಭ. ಮೌಲೂದಿ ವರ್ಷಕ್ಕೆ 572 ಕೂಡಿಸಿದರೆ ಇಸವಿ, 1174 ಕಳೆದರೆ ಸಂವತ್ಸರ. 1218 ಅಂದರೆ 1790, 44ನೇ ಸಾಧಾರಣ. ಹೀಗೆ ನಲವತ್ತಕ್ಕೂ ಹೆಚ್ಚು ನಾಣ್ಯ ಓದಿದ್ದೇನೆ. ಒಂದೆರಡು ಬಿಟ್ಟರೆ ಎಲ್ಲವೂ ಕೂತವು.

ನಡುವೆ ಹುಣಸೆಹುಳಿಯ ಪ್ರಯೋಗವನ್ನೂ ಮಾಡಿದೆ. ಅಂಕಿ ಕಾಣಲಿ ಅಂತ ನಾಲ್ಕು ಪೈಸೆ ನೆನೆಸಿಟ್ಟು ಉಜ್ಜಿದೆ. ಫಳಫಳ ಹೊಳೆದವು. ಹಳೇ ಬಣ್ಣ ಹೋಯಿತು, ಬೆಲೆಯೂ ಅರ್ಧಕ್ಕೆ ಇಳಿಯಿತು. ದಯವಿಟ್ಟು ಮಾಡಬೇಡಿ. ಸವೆದ ಅಂಕಿಗೆ ದೀಪ ಹಿಡಿಯುವ ಒಂದು ಕೋನ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

1221 ಮಾತ್ರ ಯಾವ ಕಡೆಯಿಂದ ಓದಿದರೂ ಒಂದೇ, ಚಿಂತೆಯಿಲ್ಲ. ನಾನೀಗ ಹುಡುಕುತ್ತಿರುವುದು 7221 ಅಂತ ಕಾಣುವ ಪೈಸೆ. 1227, ಸಿದ್ಧಾರ್ಥಿ ಸಂವತ್ಸರ. ಯುಗಾದಿ ಕಳೆದು ಸುಮಾರು ಒಂದು ತಿಂಗಳಿಗೆ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಆ ಒಂದು ತಿಂಗಳ ಪೈಸೆ ನನಗಿನ್ನೂ ಸಿಕ್ಕಿಲ್ಲ.